ಮೆರ್ದೇಕ ಎಂಬ ಮಾತು

ನಮ್ಮ ದಿನಪತ್ರಿಕೆಗಳ ಓದುಗರಿಗೆ ‘ಮೆರ್ದೇಕ’ ಎಂಬ ಮಾತಿನ ಪರಿಚಯವಾದದ್ದು ಸಾಹಿತ್ಯದ ಪುಟದಿಂದಲ್ಲ, ರಾಜಕೀಯದ ಪುಟದಿಂದಲೂ ಅಲ್ಲ, ಆಟೋಟದ ಪುಟದಿಂದ. ಮಲಯ ದೇಶ ಸ್ವತಂತ್ರವಾದ 1957ರಲ್ಲಿಯೇ ಕೌಲಾಲಂಪುರದಲ್ಲಿ ಆರಂಭವಾದ ಫುಟ್‌ಬಾಲ್ ಪಂದ್ಯಾವಳಿಗೆ ಆ ಹೆಸರನ್ನಿಟ್ಟರು. 1959ರಲ್ಲಿಯೂ 1964ರಲ್ಲಿಯೂ ಭಾರತದ ತಂಡ ಅದರಲ್ಲಿ ಎರಡನೆಯ ಸ್ಥಾನ ಪಡೆಯಿತು. ಇಂಗ್ಲಿಷ್ ಅಕ್ಷರವನ್ನು ನೋಡಿ ಕನ್ನಡಿಸುವ ನಮ್ಮ ಪದ್ಧತಿಗೆ ತಕ್ಕಂತೆ ಅದು ‘ಮರ್ಡೇಕಾ’ ಆಯಿತು. ಡಕಾರ ಬಂದು ಕುಳಿತುಕೊಂಡದ್ದರಿಂದ ಮಾತು ಎಲ್ಲಿಯದೋ ಪರದೇಶಿಯಂತೆ ಕಂಡಿತು. ಮಲಯರ ಬಾಯಲ್ಲಿರುವಂತೆ ದಕಾರ ಹಾಕಿ ಬರೆದಿದ್ದರೆ ಯಾರಾದರೊಬ್ಬ ಸಂಸ್ಕೃತಜ್ಞರು ಕಿವಿ ನಿಮಿರಿಸುತ್ತಿದ್ದರೋ ಏನೋ.

ಮಲಯ ಭಾಷೆಯಲ್ಲಿ, ಅದರ ಇನ್ನೊಂದು ಮುಖವಾದ ಇಂಡೊನೇಷ್ಯದ ಭಾಷೆಯಲ್ಲಿ, ಮೆರ್ದೇಕ ಎಂದರೆ ಸ್ವತಂತ್ರ. ‘ಕೆಮೆರ್ದೇಕಾನ್’ ಎಂದರೆ ಸ್ವಾತಂತ್ರ್ಯ. ಸುಮಾರು 30 ಕೋಟಿ ಜನ ವರ್ಷಕ್ಕೊಮ್ಮೆಯಾದರೂ ಧ್ವಜದ ಮುಂದೆ ನಿಂತು ಉಚ್ಚರಿಸುವ ಈ ಮಾತಿನ ಮೂಲ ನಮ್ಮ ಪ್ರೌಢಶಾಲೆಯ ವ್ಯಾಕರಣದ ಪುಸ್ತಕಕ್ಕೆ ಬಹಳ ಸಮೀಪದಲ್ಲಿದೆ. ಗುಣಸಂಧಿಗೆ ಉದಾಹರಣೆಯಾಗಿ ನಾವೆಲ್ಲ ‘ಮಹಾ + ಋಷಿ = ಮಹರ್ಷಿ’ ಎಂದು ಬಾಯಿಪಾಠ ಮಾಡಿದ್ದೇವಲ್ಲವೆ? ಅಲ್ಲಿ ಋಷಿಯನ್ನು ತೆಗೆದು ಋದ್ಧಿಯನ್ನು ಇಟ್ಟರೆ ‘ಮಹರ್ದ್ಧಿ’ ಆಗುತ್ತದೆ. ಮಹರ್ದ್ಧಿಯುಳ್ಳವನು ‘ಮಹರ್ದ್ಧಿಕ’. ಈ ಮಹರ್ದ್ಧಿಕನೇ ಸಮುದ್ರ ದಾಟಿ, ಉಸಿರನ್ನೂ ಒತ್ತಕ್ಷರವನ್ನೂ ದಾರಿಯಲ್ಲಿ ಕಳೆದುಕೊಂಡು, ‘ಮರ್ದಿಕ’ನಾಗಿ ‘ಮೆರ್ದೇಕ’ವಾಗಿ ನಿಂತಿದ್ದಾನೆ. ಹಳೆಯ ಮಲಯ ಬರಹದಲ್ಲಿ ‘ಮೆರ್ದೆಹೇಕ’ ಎಂಬ ರೂಪ ಸಿಗುತ್ತದೆ. ಕಳೆದುಹೋದ ಉಸಿರು ಅಲ್ಲಿ ಇನ್ನೂ ಒಂದು ಹಕಾರವಾಗಿ ಉಳಿದುಕೊಂಡಿದೆ.

ಋದ್ಧಿ ನಮಗೆ ಹೊಸದಲ್ಲ. ‘ಸಮೃದ್ಧಿ’ಯಲ್ಲಿ ಅದು ದಿನವೂ ನಮ್ಮ ಕಿವಿಗೆ ಬೀಳುತ್ತದೆ. ಉತ್ತರದವರು ಗಣಪತಿಯ ಪಕ್ಕದಲ್ಲಿ ಸಿದ್ಧಿಯ ಜೊತೆ ಋದ್ಧಿಯನ್ನೂ ನಿಲ್ಲಿಸುತ್ತಾರೆ. ಬೌದ್ಧರಲ್ಲಿಯೂ ಜೈನರಲ್ಲಿಯೂ ಋದ್ಧಿ ಎಂದರೆ ಹಣಕಾಸಿನ ಏಳಿಗೆ ಮಾತ್ರವಲ್ಲ, ತಪಸ್ಸಿನಿಂದ ಬಂದ ಅಲೌಕಿಕ ಶಕ್ತಿ. ಪಂಪನ ‘ಆದಿಪುರಾಣ’ವನ್ನು ಓದಿದವರಿಗೆ ಆಕಾಶದಲ್ಲಿ ಸಂಚರಿಸುವ ಚಾರಣಮುನಿಗಳ ನೆನಪಿರುತ್ತದೆ, ಅವರ ಆ ಸಂಚಾರ ಋದ್ಧಿಯ ಬಲದಿಂದ ಬಂದದ್ದು. ಪಾಳಿಯಲ್ಲಿ ‘ಮಹಿದ್ಧಿಕ’ ಎಂಬುದು ದೇವತೆಗಳಿಗೂ, ಮೊಗ್ಗಲ್ಲಾನನಂಥ ಶಿಷ್ಯರಿಗೂ ಹಚ್ಚುವ ವಿಶೇಷಣ. ಅಂದರೆ ಮಾತು ಹೊರಟಾಗ ಅದರ ಮೈಮೇಲಿದ್ದುದು ಸ್ವಾತಂತ್ರ್ಯದ ಉಡುಪಲ್ಲ, ಮಹಿಮೆಯ ಉಡುಪು. ಮಹಾಶಕ್ತಿವಂತ, ಮಹಾಸಂಪನ್ನ ಎಂದಷ್ಟೇ ಅದರ ಅರ್ಥ.

ಇಲ್ಲಿಗೆ ಬಂದು ನಮ್ಮ ಲೇಖಕರಲ್ಲಿ ಅನೇಕರು ನಿಂತುಬಿಡುತ್ತಾರೆ. ಮೂಲ ಸಿಕ್ಕಿತು, ಅದು ನಮ್ಮದು, ಸಂತೋಷ ಎನ್ನುತ್ತಾರೆ. ನನಗೆ ಇಲ್ಲಿಂದಲೇ ವಿಷಯ ಆರಂಭವಾಗುವಂತೆ ತೋರುತ್ತದೆ. ‘ಮಹಾಶಕ್ತಿವಂತ’ ಎನ್ನುವ ಮಾತು ‘ಯಾರಿಗೂ ಆಳಾಗಿಲ್ಲದವನು’ ಎಂಬ ಅರ್ಥಕ್ಕೆ ಹೇಗೆ ಬಂತು? ಇವೆರಡೂ ಒಂದೇ ಅಲ್ಲ. ಶಕ್ತಿವಂತನಿಗೆ ಆಳುಗಳಿರುತ್ತಾರೆ, ಸ್ವತಂತ್ರನು ಆಳಲ್ಲದಿದ್ದರೆ ಸಾಕು. ಈ ಎರಡರ ನಡುವಿನ ದೂರವನ್ನು ಮಾತು ಒಂದೇ ನೆಗೆತಕ್ಕೆ ದಾಟಿರಲಾರದು.

ಜಾವಾದಲ್ಲಿ ಇದಕ್ಕೆ ಉತ್ತರದ ಸುಳಿವಿದೆ. ಹಳೆಯ ಜಾವಾ ಭಾಷೆಯಲ್ಲಿ ಮಹರ್ದ್ಧಿಕ ಎಂದರೆ ಜ್ಞಾನದಲ್ಲಿ, ಗುಣದಲ್ಲಿ ಹೆಚ್ಚಿನವನು. ಇಂದಿಗೂ ಇಂಡೊನೇಷ್ಯದಲ್ಲಿ ಗಂಡುಮಕ್ಕಳಿಗೆ ‘ಮಹಾರ್ದಿಕ’ ಎಂದು ಹೆಸರಿಡುವುದುಂಟು. ಹೆತ್ತವರ ಮನಸ್ಸಿನಲ್ಲಿರುವುದು ಈ ಹಳೆಯ ಅರ್ಥವೇ. ಇಂಥ ಜ್ಞಾನಿಗಳಿಗೆ, ಮಠಗಳಿಗೆ, ದೇವಸ್ಥಾನಗಳಿಗೆ ರಾಜರು ಭೂಮಿ ಬಿಡುತ್ತಿದ್ದರು. ಬಿಟ್ಟ ಭೂಮಿಗೆ ಕಂದಾಯವಿಲ್ಲ. ಅಲ್ಲಿಯ ಜನ ಅರಮನೆಗೆ ಬಿಟ್ಟಿ ದುಡಿಯಬೇಕಾಗಿಲ್ಲ. ಅಲ್ಲಿಯ ಪ್ರಾಚೀನ ಶಾಸನಗಳಲ್ಲಿ ಅಂಥ ಭೂಮಿಗೆ ‘ಸೀಮ’ ಎಂದು ಹೆಸರು. ನಮ್ಮ ಸೀಮೆಯೇ ಅದು. ಜಾವಾದಲ್ಲಿ ಇಸ್ಲಾಂ ನೆಲೆಯೂರಿದ ಮೇಲೂ ಪದ್ಧತಿ ನಿಲ್ಲಲಿಲ್ಲ. ಹೆಸರು ಮಾತ್ರ ‘ಪೆರ್ದಿಕಾನ್’ ಆಯಿತು. ಮರ್ದಿಕ ಎಂಬುದರಿಂದಲೇ ಹುಟ್ಟಿದ ಮಾತು ಇದು. ಪೆರ್ದಿಕಾನ್ ಹಳ್ಳಿಯೆಂದರೆ ಸಂತರ ಅಥವಾ ರಾಜರ ಸಮಾಧಿಯನ್ನು ನೋಡಿಕೊಳ್ಳುವುದಕ್ಕಾಗಿ, ಇಲ್ಲವೆ ಧರ್ಮಪಾಠಶಾಲೆಯನ್ನು ನಡೆಸುವುದಕ್ಕಾಗಿ, ಕರಭಾರದಿಂದ ಬಿಡಿಸಿದ ಹಳ್ಳಿ. ಪೊನೊರೊಗೊ ಪ್ರಾಂತದ ತೆಗಲ್ಸಾರಿ ಇಂಥ ಒಂದು ಹಳ್ಳಿ. ಜಾವಾದ ಆಸ್ಥಾನಕವಿಗಳಲ್ಲಿ ಕೊನೆಯ ದೊಡ್ಡವನೆಂದು ಹೆಸರಾದ ರಂಗ್ಗವರ್ಸಿತ (1802–1873) ಹುಡುಗನಾಗಿದ್ದಾಗ ಓದಲು ಹೋದದ್ದು ಅಲ್ಲಿಗೇ.

ಹೀಗೆ ನೋಡಿದರೆ ಅರ್ಥ ಬದಲಾದ ದಾರಿ ಕಣ್ಣಿಗೆ ಕಟ್ಟುತ್ತದೆ. ಮೊದಲು ಮಹಿಮಾವಂತ, ಮಹಿಮಾವಂತನಾದ್ದರಿಂದ ರಾಜನ ಕೈ ಅವನ ಮೇಲೆ ಬೀಳದು, ರಾಜನ ಕೈ ಬೀಳದವನಾದ್ದರಿಂದ ಕರವಿಲ್ಲದವನು, ಬಿಟ್ಟಿಯಿಲ್ಲದವನು, ಕೊನೆಗೆ ಮಹಿಮೆ ಉದುರಿಹೋಗಿ ಬಿಟ್ಟಿಯಿಲ್ಲದಿರುವುದಷ್ಟೇ ಉಳಿಯಿತು. ವಿದ್ವಾಂಸರು ಸಾಮಾನ್ಯವಾಗಿ ಕೊಡುವ ವಿವರಣೆ ಇದು, ನನಗೂ ಒಪ್ಪಿಗೆಯಾಗಿದೆ. ನಮ್ಮ ಶಾಸನಗಳ ‘ಸರ್ವಮಾನ್ಯ’ವನ್ನು, ‘ಸರ್ವಬಾಧಾಪರಿಹಾರ’ವನ್ನು ಬಲ್ಲವರಿಗೆ ಇದು ವಿಚಿತ್ರವಾಗಿ ಕಾಣಬೇಕಾಗಿಲ್ಲ. ಅಗ್ರಹಾರದ ಬ್ರಾಹ್ಮಣನಿಗೆ ಸಿಕ್ಕಿದ್ದು ಮಾನ. ಮಾನದ ಜೊತೆಗೆ ಮಾನ್ಯ. ಹಳ್ಳಿಯವರ ಬಾಯಲ್ಲಿ ಕೊನೆಗೆ ‘ಮಾನ್ಯದ ಹೊಲ’ ಎಂದರೆ ಕಂದಾಯವಿಲ್ಲದ ಹೊಲವೇ ಹೊರತು ಗೌರವದ ಹೊಲವಲ್ಲ.

ಆದರೆ ಒಂದು ಎಚ್ಚರ ಬೇಕು. ಈ ಸ್ವಾತಂತ್ರ್ಯ ಒಬ್ಬ ಒಡೆಯನು ಬರೆದುಕೊಟ್ಟ ವಿನಾಯಿತಿ. ಹಳ್ಳಿಯ ಪಕ್ಕದ ಹಳ್ಳಿ ಬಿಟ್ಟಿ ದುಡಿಯುತ್ತಲೇ ಇತ್ತು. ಪೆರ್ದಿಕಾನ್ ಹಳ್ಳಿಯ ಒಳಗೂ ಅರಮನೆಗೆ ಸಲ್ಲಬೇಕಾದದ್ದು ತಪ್ಪಿದರೆ ಊರ ಮುಖ್ಯಸ್ಥನಿಗೆ ಸಲ್ಲಬೇಕಾದದ್ದು ಅನೇಕ ಕಡೆ ತಪ್ಪುತ್ತಿರಲಿಲ್ಲ. ಆದುದರಿಂದ 1946ರಲ್ಲಿ ನಡೆದ ಒಂದು ಸಂಗತಿ ನನಗೆ ತುಂಬ ಅರ್ಥವತ್ತಾಗಿ ಕಾಣುತ್ತದೆ. ಅದಕ್ಕೆ ಹಿಂದಿನ ವರ್ಷ ‘ಮೆರ್ದೇಕ’ ಎಂದು ಕೂಗಿ ಹುಟ್ಟಿದ ಇಂಡೊನೇಷ್ಯ ಗಣರಾಜ್ಯ, ಇನ್ನೂ ಡಚ್ಚರೊಡನೆ ಹೋರಾಡುತ್ತಿರುವಾಗಲೇ, ಪೆರ್ದಿಕಾನ್ ಹಳ್ಳಿಗಳನ್ನು ರದ್ದುಗೊಳಿಸುವ ಶಾಸನ ಮಾಡಿತು. ಎಲ್ಲರ ಮೆರ್ದೇಕ ಬಂದ ಮೇಲೆ ಕೆಲವರ ಮೆರ್ದೇಕಕ್ಕೆ ಜಾಗವಿಲ್ಲ. ಒಂದೇ ಧಾತುವಿನ ಎರಡು ಮಾತುಗಳು ಎದುರುಬದುರು ನಿಂತು ಒಂದು ಇನ್ನೊಂದನ್ನು ಹೊಡೆದುಹಾಕಿದ ಉದಾಹರಣೆ ಕಾಯಿದೆಯ ಪುಸ್ತಕಗಳಲ್ಲಿ ಬಹಳ ಸಿಗಲಾರದು. ನಮ್ಮಲ್ಲಿ ಇನಾಂ ರದ್ದತಿಯ ಶಾಸನಗಳು ಮೈಸೂರಿನಲ್ಲಿ ಬಂದದ್ದು 1954–55ರಲ್ಲಿ. ನಾವು ಬೇರೆ ಬೇರೆ ಮಾತುಗಳನ್ನು ಬಳಸಿದ್ದರಿಂದ ಆ ವ್ಯಂಗ್ಯ ನಮಗೆ ಕಾಣಲಿಲ್ಲ, ಅಷ್ಟೆ.

ಮಲಯ ಪರ್ಯಾಯದ್ವೀಪಕ್ಕೆ ಬರೋಣ. ತೆರೆಂಗಾನು ಸೀಮೆಯಲ್ಲಿ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಸಿಕ್ಕಿದ ಒಂದು ಶಿಲಾಶಾಸನವಿದೆ. ಸಾಮಾನ್ಯವಾಗಿ ಅದನ್ನು 14ನೆಯ ಶತಮಾನದ್ದೆಂದು ಹೇಳುತ್ತಾರೆ. ಕಾಲ ಹೇಳುವ ಭಾಗ ಒಡೆದುಹೋಗಿರುವುದರಿಂದ ವಾದವಿದೆ. ಅರಬ್ಬೀ ಲಿಪಿಯಲ್ಲಿ ಮಲಯ ಮಾತನ್ನು ಬರೆದ ಅತಿ ಹಳೆಯ ಶಾಸನಗಳಲ್ಲಿ ಅದೊಂದು. ಇಸ್ಲಾಮಿನ ಕಟ್ಟಳೆಗಳನ್ನು ಸಾರುವ ಆ ಕಲ್ಲು ದೇವರನ್ನು ‘ದೇವತ ಮುಲಿಯ ರಾಯ’ ಎಂದು ಕರೆಯುತ್ತದೆ! ಅಲ್ಲಾನನ್ನು ‘ದೇವತಾ’ ಎಂದು ಕರೆಯಲು ಹಿಂಜರಿಯದ ಆ ಕಾಲ ನನಗೆ ಬಹಳ ಇಷ್ಟವಾದದ್ದು. ಆದರೆ ಅದು ಬೇರೆ ಮಾತು. ನಮ್ಮ ವಿಷಯಕ್ಕೆ ಬೇಕಾದದ್ದು, ಅದೇ ಕಲ್ಲಿನಲ್ಲಿ ತಪ್ಪು ಮಾಡಿದವರಿಗೆ ಶಿಕ್ಷೆ ವಿಧಿಸುವಲ್ಲಿ ‘ಮೆರ್ದಿಕ’ನಾದವನ ಪ್ರಸ್ತಾಪ ಬರುತ್ತದೆ ಎಂಬುದು. ಇಲ್ಲಿ ಮಹಿಮೆಯೂ ಇಲ್ಲ, ಜ್ಞಾನವೂ ಇಲ್ಲ. ಮೆರ್ದಿಕ ಎಂದರೆ ಗುಲಾಮನಲ್ಲದ ಮನುಷ್ಯ. ಮಲಾಕದ ಧರ್ಮಶಾಸ್ತ್ರವಾದ ‘ಉಂದಾಂಗ್-ಉಂದಾಂಗ್ ಮೆಲಾಕ’ದಲ್ಲಿಯೂ ಹೀಗೆಯೇ. ಒಂದು ಕಡೆ ‘ಹಂಬ’, ಅಂದರೆ ಆಳು. ಇನ್ನೊಂದು ಕಡೆ ‘ಮೆರ್ದೆಹೇಕ’. ಒಬ್ಬನನ್ನು ಕೊಂದರೆ ತೆರಬೇಕಾದ ದಂಡ ಅವನು ಇವೆರಡರಲ್ಲಿ ಯಾವುದು ಎಂಬುದನ್ನು ಅವಲಂಬಿಸಿತ್ತು. ಗುಲಾಮನನ್ನು ಬಿಡುಗಡೆ ಮಾಡುವುದಕ್ಕೆ ‘ಮೆಮೆರ್ದೇಕಾಕಾನ್’ ಎಂಬ ಕ್ರಿಯಾಪದವೂ ಹುಟ್ಟಿತು. ಮಾತು ಆಕಾಶಗಾಮಿಗಳ ಎತ್ತರದಿಂದ ಇಳಿದು ಸಂತೆಯ ನೆಲಕ್ಕೆ ಬಂದಿತ್ತು.

ಅದು ಇನ್ನೂ ಕೆಳಕ್ಕೆ ಇಳಿಯಲಿತ್ತು. ಈ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಹೆಚ್ಚು ಹಿಡಿದು ನಿಲ್ಲಿಸುವ ಭಾಗ ಇದೇ.

1619ರಲ್ಲಿ ಡಚ್ಚರು ಜಾವಾದ ಕರಾವಳಿಯಲ್ಲಿ ಬಟಾವಿಯಾ ಎಂಬ ಪಟ್ಟಣ ಕಟ್ಟಿದರು, ಇಂದಿನ ಜಕಾರ್ತ. ಕಟ್ಟಲು, ಹೊರಲು, ಅಡಿಗೆ ಮಾಡಲು, ಕಾಲುವೆ ತೋಡಲು ಆಳು ಬೇಕಾಯಿತು. ಹತ್ತಿರದ ಜಾವಾದವರನ್ನು ಊರೊಳಗೆ ಇಟ್ಟುಕೊಳ್ಳಲು ಅವರಿಗೆ ಭಯ. ಆಳುಗಳನ್ನು ಎಲ್ಲಿಂದ ತಂದರು? ದೊಡ್ಡ ಪಾಲು ನಮ್ಮ ಕರಾವಳಿಗಳಿಂದ: ಬಂಗಾಳ, ಕೋರಮಂಡಲ, ಮಲಬಾರು. ಬಂಗಾಳದಲ್ಲಿ ದರೋಡೆಗಾರರು ಹಿಡಿದು ಮಾರಿದವರು. ಕೋರಮಂಡಲದಲ್ಲಿ ಬರಗಾಲ ಬಂದಾಗ ತಮ್ಮನ್ನೋ ಮಕ್ಕಳನ್ನೋ ಮಾರಿಕೊಂಡವರು. ಪುಲಿಕಾಟಿನ ಕೋಟೆಯಿಂದ ಹಡಗುಗಳು ಬಟ್ಟೆಯ ಮೂಟೆಗಳ ಜೊತೆಗೆ ಈ ಜನರನ್ನೂ ತುಂಬಿಕೊಂಡು ಹೋಗುತ್ತಿದ್ದವು. 1641ರಲ್ಲಿ ಪೋರ್ಚುಗೀಸರ ಮಲಾಕವನ್ನು ಡಚ್ಚರು ಹಿಡಿದಾಗ ಪೋರ್ಚುಗೀಸರ ಗುಲಾಮರಾಗಿದ್ದವರೂ ಇವರ ಕೈಸೇರಿದರು. ಇವರಲ್ಲಿ ಅನೇಕರು ಪೋರ್ಚುಗೀಸ್ ಹೆಸರಿನ ಕ್ರೈಸ್ತರು. ಹಲವು ಸೀಮೆಗಳಿಂದ ಬಂದ ಇವರು ತಮ್ಮತಮ್ಮೊಳಗೆ ಆಡಿಕೊಳ್ಳುತ್ತಿದ್ದದ್ದು ಒಂದು ಬಗೆಯ ಮುರುಕು ಪೋರ್ಚುಗೀಸ್. ಡಚ್ಚರ ರಾಜಧಾನಿಯ ಬೀದಿಯಲ್ಲಿ ಬಹುಕಾಲ ಡಚ್ಚಿಗಿಂತ ಅದೇ ಹೆಚ್ಚು ಕೇಳಿಬರುತ್ತಿತ್ತು.

ಬಿಡುಗಡೆ ಪಡೆದ ಈ ಗುಲಾಮರಿಗೂ ಅವರ ಮಕ್ಕಳಿಗೂ ಡಚ್ಚರು ಇಟ್ಟ ಹೆಸರು ‘ಮಾರ್ಡೈಕರ್’. ಅದೇ ಮರ್ದಿಕ, ಡಚ್ ಪ್ರತ್ಯಯ ಹಚ್ಚಿಕೊಂಡು. ಅವರದೇ ಕಾಲಾಳು ಪಡೆಗಳಿದ್ದವು. ಕಂಪೆನಿಯ ಯುದ್ಧಗಳಲ್ಲಿ ಅವರು ಸತ್ತರು. 1661ರಲ್ಲಿ ಕೆಲವು ಕುಟುಂಬಗಳನ್ನು ಪಟ್ಟಣದ ಹೊರಗೆ ತುಗು ಎಂಬ ಜೌಗು ನೆಲದಲ್ಲಿ ನೆಲೆಗೊಳಿಸಿದರು. ಆ ಹಳ್ಳಿಯ ಜನ ಪೋರ್ಚುಗೀಸಿನ ತಮ್ಮ ಮಾತನ್ನು 20ನೆಯ ಶತಮಾನದವರೆಗೂ ಉಳಿಸಿಕೊಂಡಿದ್ದರು. ಇಂಡೊನೇಷ್ಯದವರು ತಮ್ಮ ರಾಷ್ಟ್ರೀಯ ಸಂಗೀತವೆಂದು ಅಭಿಮಾನಪಡುವ ‘ಕ್ರೊಂಚೊಂಗ್’ ಎಂಬ ಹಾಡಿನ ಶೈಲಿಯ ತವರುಗಳಲ್ಲಿ ತುಗು ಒಂದು. ಸಣ್ಣ ಗಿಟಾರಿನ ಆ ನಾದವನ್ನು ಕೇಳುವಾಗ ಅದರ ಹಿಂದೆ ಪುಲಿಕಾಟಿನ ಹಡಗು ಇದೆಯೆಂದು ಯಾರ ನೆನಪಿಗೆ ಬಂದೀತು?

ಓದುಗರು ಇದನ್ನು ಗಮನಿಸಬೇಕೆಂದು ನನ್ನ ಕೋರಿಕೆ. ಸಾವಿರ ವರ್ಷಕ್ಕೂ ಹಿಂದೆ ಭಾರತದಿಂದ ಹೋದ ವಿದ್ಯೆಯೊಡನೆ ‘ಮಹರ್ದ್ಧಿಕ’ ಎಂಬ ಮಾತು ಗೌರವದಿಂದ ಹಡಗು ಹತ್ತಿತು. ಬಹಳ ಕಾಲದ ಮೇಲೆ ಅದೇ ಭಾರತದ ತೀರಗಳಿಂದ ಹೊಟ್ಟೆಗಿಲ್ಲದವರು ಕೈಕಟ್ಟಿಸಿಕೊಂಡು ಅದೇ ಸಮುದ್ರ ದಾಟಿದರು. ಅವರಲ್ಲಿ ಬಿಡುಗಡೆ ಕಂಡವರಿಗೆ ಅಲ್ಲಿ ಸಿಕ್ಕಿದ ಹೆಸರು ಆ ಮಾತೇ. ಆ ಬಂಗಾಳಿಗೆ, ಆ ತಮಿಳನಿಗೆ ಅದು ತನ್ನ ದೇಶದ ಮಾತು ಎಂದು ಗೊತ್ತಿರಲಿಲ್ಲ. ತಿಳಿಸಿ ಹೇಳುವ ಪಂಡಿತರು ಆ ಹಡಗಿನಲ್ಲಿ ಹೋಗಿರಲಿಲ್ಲ. ಋದ್ಧಿಯಿಲ್ಲದವನು ಮಹರ್ದ್ಧಿಕನಾದ. ನಮ್ಮ ಸಂಸ್ಕೃತಿ ದ್ವೀಪಾಂತರಗಳಲ್ಲಿ ಹಬ್ಬಿದ ಕಥೆಯನ್ನು ಬರೆಯುವ ಪುಸ್ತಕಗಳಲ್ಲಿ ಬೊರೊಬುದುರ್ ಇದೆ, ಪ್ರಾಂಬನಾನ್ ಇದೆ, ರಾಮಾಯಣದ ತೊಗಲುಗೊಂಬೆ ಇದೆ. ಮಾರ್ಡೈಕರರಿಗೆ ಒಂದು ಪುಟವನ್ನು ಕೊಟ್ಟವರು ಅಪರೂಪ. ಅವರೂ ಇಲ್ಲಿಂದಲೇ ಹೋದವರಲ್ಲವೆ?

ಪೂರ್ವಕ್ಕೆ ಹೋದಂತೆ ಇದೇ ಮಾತು ಇನ್ನೊಂದು ವೇಷ ಹಾಕಿತು. ಆಂಬೋನ್ ಪಟ್ಟಣದ ಸಂತೆಪೇಟೆಗೆ ಇಂದಿಗೂ ‘ಮರ್ದಿಕ’ ಎಂದು ಹೆಸರು. ಫಿಲಿಪ್ಪೀನ್ಸಿನ ತಗಾಲೊಗ್ ಭಾಷೆಯಲ್ಲಿ ದಕಾರ ಲಕಾರವಾಗಿ ‘ಮಹಾರ್ಲಿಕ’ ಆಯಿತು. ಹುವಾನ್ ದೆ ಪ್ಲಸೆನ್ಸಿಯಾ ಎಂಬ ಸ್ಪೇನಿನ ಪಾದ್ರಿ 1589ರಲ್ಲಿ ತಗಾಲೊಗರ ರೀತಿನೀತಿಗಳ ಬಗ್ಗೆ ಬರೆದ ವರದಿಯಲ್ಲಿ ಈ ಮಹಾರ್ಲಿಕರು ಬರುತ್ತಾರೆ. ಇವರು ಹುಟ್ಟಿನಿಂದ ಸ್ವತಂತ್ರರು. ‘ದಾತು’ ಎಂಬ ನಾಯಕನಿಗೆ ಕಪ್ಪ ಕೊಡಬೇಕಾಗಿಲ್ಲ. ಆದರೆ ಅವನು ಯುದ್ಧಕ್ಕೆ ಹೊರಟಾಗ ಸ್ವಂತ ಖರ್ಚಿನಲ್ಲಿ ಹಿಂದೆ ಹೋಗಬೇಕು. ನಮ್ಮ ಪಾಳೆಯಗಾರರ ಹತ್ತಿರದ ಬಂಟರನ್ನು ನೆನೆಸಿಕೊಂಡರೆ ಸರಿಹೋಗುತ್ತದೆ. ರಾಜರಂತೂ ಅಲ್ಲ. ಆದರೆ ಸ್ಪೇನಿನವರ ಬರಹದಲ್ಲಿ ಕುಲೀನರು ಎಂಬ ಛಾಯೆ ಬಂದದ್ದರಿಂದ 20ನೆಯ ಶತಮಾನದವರಿಗೆ ಮಹಾರ್ಲಿಕ ಎಂದರೆ ರಾಜವಂಶ, ಪ್ರಾಚೀನ ವೈಭವ ಎಂಬ ಭ್ರಮೆ ಹುಟ್ಟಿತು. ಫರ್ಡಿನಾಂಡ್ ಮಾರ್ಕೋಸ್ ಎರಡನೆಯ ಮಹಾಯುದ್ಧದಲ್ಲಿ ತಾನು ‘ಮಹಾರ್ಲಿಕ’ ಎಂಬ ಗೆರಿಲ್ಲಾ ಪಡೆಯ ನಾಯಕನಾಗಿದ್ದೆನೆಂದು ಹೇಳಿಕೊಂಡ. ಅಮೆರಿಕದ ಸೈನ್ಯದ ಕಡತಗಳು ಈ ಹೇಳಿಕೆಯನ್ನು ಸುಳ್ಳೆಂದು ತಳ್ಳಿಹಾಕಿದ್ದವೆಂಬುದು 1986ರಲ್ಲಿ, ಅವನು ಗದ್ದುಗೆಯಿಂದಿಳಿಯುವುದಕ್ಕೆ ಕೆಲವೇ ವಾರ ಮೊದಲು, ಬಯಲಾಯಿತು. ದೇಶದ ಹೆಸರನ್ನೇ ಮಹಾರ್ಲಿಕ ಎಂದು ಬದಲಾಯಿಸಬೇಕೆಂಬ ಮಸೂದೆ 1978ರಲ್ಲಿ ಬಂದಿತ್ತು. 2019ರಲ್ಲಿ ಅಧ್ಯಕ್ಷ ದುತೆರ್ತೆಯೂ ಆ ಮಾತನ್ನು ಎತ್ತಿದ. ಫಿಲಿಪ್ಪೀನ್ಸಿನ ಜನ ಸ್ವಾತಂತ್ರ್ಯಕ್ಕೆ ನಿಜವಾಗಿ ಬಳಸುವ ಮಾತು ಬೇರೆ: ‘ಕಲಯಾನ್’. 1896ರಲ್ಲಿ ಸ್ಪೇನಿನ ವಿರುದ್ಧ ದಂಗೆಯೆದ್ದವರ ಪತ್ರಿಕೆಗೆ ಅದೇ ಹೆಸರು. ನೋಡಿ, ಒಂದೇ ಸಂಸ್ಕೃತ ಮಾತು ಒಂದು ದ್ವೀಪಸಮೂಹದಲ್ಲಿ ಗುಲಾಮನ ಬಿಡುಗಡೆಯಾಯಿತು, ಪಕ್ಕದ ದ್ವೀಪಸಮೂಹದಲ್ಲಿ ಸರ್ವಾಧಿಕಾರಿಯ ಕಿರೀಟವಾಯಿತು.

20ನೆಯ ಶತಮಾನದ ಕಥೆ ತಕ್ಕಮಟ್ಟಿಗೆ ಎಲ್ಲರಿಗೂ ತಿಳಿದದ್ದು; ಅಲ್ಲಿ ಬೇಗ ನಡೆಯಬಹುದು. 1913ರಲ್ಲಿ ಡಚ್ಚರು ನೆಪೋಲಿಯನ್ನನ ಆಳ್ವಿಕೆಯಿಂದ ತಾವು ಬಿಡುಗಡೆಯಾದದ್ದರ ಶತಮಾನೋತ್ಸವವನ್ನು ತಮ್ಮ ವಸಾಹತಿನಲ್ಲಿಯೂ ಆಚರಿಸಲು ಹೊರಟರು. ಆಳಿಸಿಕೊಳ್ಳುವವರಿಂದಲೂ ಚಂದಾ ಕೇಳಿದರು. ಸುವರ್ದಿ ಸೂರ್ಯನಿಂಗ್ರತ್ ಎಂಬ ತರುಣ ‘ನಾನು ಡಚ್ಚನಾಗಿದ್ದರೆ’ ಎಂಬ ಲೇಖನವನ್ನು ಡಚ್ಚಿನಲ್ಲಿಯೇ ಬರೆದು ಗಡೀಪಾರಾದ. 1924ರಲ್ಲಿ ಹಾಲೆಂಡಿನ ಇಂಡೊನೇಷ್ಯ ವಿದ್ಯಾರ್ಥಿಗಳ ಪತ್ರಿಕೆಗೆ ‘ಇಂಡೊನೇಷ್ಯ ಮೆರ್ದೇಕ’ ಎಂಬ ಹೆಸರು ಬಂತು. 1933ರಲ್ಲಿ ಸುಕಾರ್ನೊ ಒಂದು ಕಿರುಹೊತ್ತಗೆಯಲ್ಲಿ ಮೆರ್ದೇಕವನ್ನು ಚಿನ್ನದ ಸೇತುವೆಗೆ ಹೋಲಿಸಿದ. ಸೇತುವೆಯ ಆಚೆಗೆ ಕಟ್ಟಬೇಕಾದ ಸಮಾಜ ಬೇರೆ ಇದೆ ಎಂಬುದು ಅವನ ಅಭಿಪ್ರಾಯ. 1945ರ ಆಗಸ್ಟ್ 17ರಂದು ಘೋಷಣೆಯಾಯಿತು. ಮುಂದಿನ ತಿಂಗಳಿನಿಂದ ಬೀದಿಯಲ್ಲಿ ಎದುರಾದವರು ಕೈಯೆತ್ತಿ ‘ಮೆರ್ದೇಕ’ ಎಂದು ವಂದಿಸುವ ರೂಢಿ ಬಂತು. 1957ರ ಆಗಸ್ಟ್ 31ರಂದು ಕೌಲಾಲಂಪುರದ ಕ್ರೀಡಾಂಗಣದಲ್ಲಿ ತುಂಕು ಅಬ್ದುಲ್ ರಹಮಾನ್ ಏಳು ಸಲ ಅದನ್ನು ಕೂಗಿದರು. ಡಚ್ ಗವರ್ನರ್ ಜನರಲನ ಅರಮನೆ ಈಗ ‘ಇಸ್ತಾನ ಮೆರ್ದೇಕ’. ಆಸ್ಥಾನ, ಮಹರ್ದ್ಧಿಕ: ಎರಡೂ ನಮ್ಮ ಕಡೆಯ ಮಾತುಗಳು. ಆದರೆ ಯಾವ ಭಾರತೀಯ ಪಂಡಿತನಿಗೂ ಆ ಹೆಸರಿನ ಅರ್ಥ ನಿಘಂಟಿನ ಸಹಾಯವಿಲ್ಲದೆ ಆಗದು.

ಕವಿಗಳು ಈ ಮಾತನ್ನು ಹೇಗೆ ಮುಟ್ಟಿದರೆಂಬುದು ವಿಮರ್ಶಕನಿಗೆ ಹೆಚ್ಚು ಮುಖ್ಯ. ಇಂಡೊನೇಷ್ಯದ ನವ್ಯಕಾವ್ಯದ ಮೊದಲಿಗನಾದ ಚೈರಿಲ್ ಅನ್ವರ್ (1922–1949) ಜಪಾನೀಯರ ಆಕ್ರಮಣಕಾಲದಲ್ಲಿ, 1943ರಲ್ಲಿ, ‘ಮೆರ್ದೇಕ’ ಎಂಬ ಪದ್ಯ ಬರೆದ. ಹೆಸರನ್ನು ಕೇಳಿ ದೇಶಭಕ್ತಿಯ ಪದ್ಯವೆಂದು ಓದಲು ಕುಳಿತವರಿಗೆ ಆಶಾಭಂಗವಾದೀತು. ಅಲ್ಲಿ ಅವನಿಗೆ ಬೇಕಾಗಿರುವುದು ತಾನು ಪ್ರೀತಿಸಿದ ಹೆಣ್ಣಿನಿಂದಲೂ ಬಿಡುಗಡೆ. ಊರೆಲ್ಲ ದೊಡ್ಡ ಅಕ್ಷರದಲ್ಲಿ ಬರೆಯಲು ಹವಣಿಸುತ್ತಿದ್ದ ಮಾತನ್ನು ಅವನು ಒಬ್ಬ ಒಂಟಿ ಮನುಷ್ಯನ ಎದೆಯ ಅಳತೆಗೆ ಕತ್ತರಿಸಿದ. ಇದು ಉದ್ಧಟತನವೆಂದು ಕೆಲವರಿಗೆ ಕಂಡರೆ ಆಶ್ಚರ್ಯವಿಲ್ಲ. ನನ್ನ ದೃಷ್ಟಿಯಲ್ಲಿ ಅವನು ಮಾತಿಗೆ ಉಪಕಾರ ಮಾಡಿದ. ಘೋಷಣೆಯಾದ ಮಾತು ಬೇಗ ಸವೆಯುತ್ತದೆ. ಕವಿತೆಯಲ್ಲಿ ಒಮ್ಮೆ ನಾಚಿಕೆಯಿಲ್ಲದೆ ಖಾಸಗಿಯಾದ ಮಾತಿಗೆ ಮತ್ತೆ ಮೊನೆ ಬರುತ್ತದೆ.

ಪ್ರಮೂದ್ಯ ಅನಂತ ತೂರ್ ಎಂಬ ಕಾದಂಬರಿಕಾರನದು ಇನ್ನೊಂದು ಬಗೆಯ ಸಂಬಂಧ. ಮೆರ್ದೇಕಕ್ಕಾಗಿ ಹೋರಾಡಿ 1947ರಿಂದ 1949ರವರೆಗೆ ಡಚ್ಚರ ಸೆರೆಮನೆಯಲ್ಲಿದ್ದ. ಮೆರ್ದೇಕವಾದ ದೇಶವೇ ಅವನನ್ನು 1965ರಿಂದ 1979ರವರೆಗೆ ವಿಚಾರಣೆಯಿಲ್ಲದೆ ಬಂಧಿಸಿತು. ಆ ಕಾಲದ ಬಹುಭಾಗ ಬುರು ದ್ವೀಪದಲ್ಲಿ. ಬರೆಯಲು ಕಾಗದವಿಲ್ಲದಾಗ ಜೊತೆಯ ಬಂದಿಗಳಿಗೆ ಬಾಯಲ್ಲಿ ಹೇಳಿ ಕಟ್ಟಿದ ಕಾದಂಬರಿ ‘ಬುಮಿ ಮನುಸಿಯ’ 1980ರಲ್ಲಿ ಹೊರಬಂತು, 1981ರಲ್ಲಿ ನಿಷೇಧವಾಯಿತು. ಭೂಮಿ, ಮನುಷ್ಯ: ಮತ್ತೆ ನಮ್ಮ ಮಾತುಗಳೇ. ಈಚಿನ ದಶಕಗಳಲ್ಲಿ ‘ಮೆರ್ದೇಕ’ ಎಂಬುದು ಜಕಾರ್ತದ ವಿರುದ್ಧವೇ ತಿರುಗಿದ್ದೂ ಉಂಟು. ಅಚೆಯಲ್ಲಿ 1976ರಲ್ಲಿ ಆರಂಭವಾಗಿ 2005ರ ಹೆಲ್ಸಿಂಕಿ ಒಪ್ಪಂದದವರೆಗೆ ನಡೆದ ಸಶಸ್ತ್ರ ಹೋರಾಟದ ಹೆಸರಿನಲ್ಲಿ ಆ ಮಾತಿತ್ತು. ಪಪುವಾದಲ್ಲಿ 1960ರ ದಶಕದಿಂದ ನಡೆಯುತ್ತಿರುವ ಚಳವಳಿಯ ಹೆಸರಿನಲ್ಲಿಯೂ ಇದೆ. ಸ್ವಾತಂತ್ರ್ಯದಿನದ ವೇದಿಕೆಯ ಮೇಲೆ ಮಂತ್ರಿ ಕೂಗಿದರೆ ಭಕ್ತಿ. ಪಪುವಾದ ಬೆಟ್ಟದ ಮೇಲೆ ಯಾರಾದರೂ ಕೂಗಿದರೆ ಅಪರಾಧ.

ಇನ್ನು ನಮ್ಮವರ ಹೆಮ್ಮೆಯ ವಿಚಾರ. 1926ರಲ್ಲಿ ಕಲ್ಕತ್ತೆಯಲ್ಲಿ ‘ಬೃಹತ್ತರ ಭಾರತ’ದ ಸಂಘ ಹುಟ್ಟಿತು. ಕಾಲಿದಾಸ ನಾಗ್, ರಮೇಶಚಂದ್ರ ಮಜುಮ್‌ದಾರ್ ಮೊದಲಾದ ವಿದ್ವಾಂಸರ ಶ್ರಮವನ್ನು ಅಲ್ಲಗಳೆಯುವಂತಿಲ್ಲ. ಆದರೆ ಮಜುಮ್‌ದಾರರು ಚಂಪಾ, ಸುವರ್ಣದ್ವೀಪಗಳನ್ನು ಪ್ರಾಚೀನ ಭಾರತದ ‘ವಸಾಹತು’ಗಳೆಂದು ಕರೆದರು. ಇಂಗ್ಲಿಷರ ವಸಾಹತಿನಲ್ಲಿ ಕುಳಿತವರು ತಮಗೂ ಒಂದು ಕಾಲಕ್ಕೆ ವಸಾಹತುಗಳಿದ್ದವೆಂದು ಸಮಾಧಾನಪಟ್ಟುಕೊಂಡದ್ದು ಅರ್ಥವಾಗುವಂಥದೇ, ಒಪ್ಪುವಂಥದಲ್ಲ. ವಾನ್ ಲ್ಯೂರ್ ಎಂಬ ತರುಣ ಡಚ್ ವಿದ್ವಾಂಸ 1934ರಲ್ಲಿಯೇ ಇದನ್ನು ತಿರುಗಿಸಿ ಹೇಳಿದ್ದ: ಬ್ರಾಹ್ಮಣರನ್ನು ಬರಮಾಡಿಕೊಂಡವರು ಅಲ್ಲಿಯ ಅರಸರು, ಬೇಕಾದದ್ದನ್ನು ಆರಿಸಿಕೊಂಡವರೂ ಅವರೇ. ಅವನು ಭಾರತದ ಪಾಲನ್ನು ತೀರ ತೆ‌ಳ್ಳಗೆ ಮಾಡಿದನೆಂದು ನನಗನ್ನಿಸುತ್ತದೆ. ಆದರೂ ಮೆರ್ದೇಕದ ಮಟ್ಟಿಗೆ ಅವನ ಮಾತೇ ಸತ್ಯಕ್ಕೆ ಹತ್ತಿರ.

ಈ ವಿಷಯದಲ್ಲಿ ಆಸಕ್ತಿಯುಳ್ಳವರಿಗೆ ಇಂದಿಗೂ ದಾರಿದೀಪವಾಗಿರುವ ಪುಸ್ತಕ ಯಾನ್ ಖೊಂಡಾ ಅವರ ‘ಇಂಡೊನೇಷ್ಯದಲ್ಲಿ ಸಂಸ್ಕೃತ’. ಡಚ್ಚರು ಇಂಡೊನೇಷ್ಯವನ್ನು ಬಿಟ್ಟುಕೊಟ್ಟ ಮೂರು ವರ್ಷಕ್ಕೆ, 1952ರಲ್ಲಿ, ಒಬ್ಬ ಡಚ್ ಪ್ರಾಧ್ಯಾಪಕರ ಆ ಇಂಗ್ಲಿಷ್ ಗ್ರಂಥ ಪ್ರಕಟವಾದದ್ದು ನಮ್ಮ ನಾಗಪುರದಿಂದ. ಅದರ ದೊಡ್ಡ ಗುಣವೆಂದರೆ ಸಂಸ್ಕೃತದ ಮಾತುಗಳು ಅಲ್ಲಿ ಏನಾದವು ಎಂಬುದನ್ನು ತಾಳ್ಮೆಯಿಂದ ನೋಡುವುದು. ನಮ್ಮ ‘ಉಪವಾಸ’ ಅಲ್ಲಿ ‘ಪುವಾಸ’ವಾಗಿ ರಂಜಾನಿನ ರೋಜಾ ಆಗಿದೆ. ‘ಸಂಸಾರ’ವು ‘ಸೆಂಗ್ಸಾರ’ವಾಗಿ ಯಾತನೆ ಎಂಬ ಅರ್ಥ ಪಡೆದಿದೆ (ಸಂಸಾರಸ್ಥರು ಇದಕ್ಕೆ ತಕರಾರು ಮಾಡಲಾರರು). ‘ಉತ್ಸಾಹ’ವು ‘ಉಸಾಹ’ವಾಗಿ ಬರಿಯ ಹುರುಪಾಗಿರದೆ ಮಾಡಿ ತೋರಿಸುವ ಪ್ರಯತ್ನವಾಗಿದೆ. ‘ಭಾಷೆ’ಯು ‘ಬಹಾಸ’ವಾಗಿ ನುಡಿಯ ಜೊತೆಗೆ ನಡತೆಯನ್ನೂ ಹೇಳುತ್ತದೆ. ಇಂಥ ಪುಸ್ತಕದಲ್ಲಿ ಸಹಜವಾಗಿಯೇ ಮಾತುಗಳು ಕಾಣುತ್ತವೆ, ಬಾಯಿಗಳು ಕಾಣುವುದಿಲ್ಲ. ಕರ ತಪ್ಪಿಸಿಕೊಂಡ ಹಳ್ಳಿಯವನು, ಕೊಂಡು ತಂದ ಆಳು, ಕೈಯೆತ್ತಿ ವಂದಿಸಿದ ಹುಡುಗ, ಇವರನ್ನು ಓದುಗನೇ ಬೇರೆ ಕಡೆಯಿಂದ ತಂದು ಕೂಡಿಸಿಕೊಳ್ಳಬೇಕು.

ಮಾತು ಹೀಗೆ ಮೇಲೆ ಕೆಳಗೆ ಆಡುವುದಕ್ಕೆ ಕನ್ನಡದಲ್ಲಿಯೇ ಒಂದು ಎದುರು ಉದಾಹರಣೆ ಇದೆ. ‘ಜೀವಿತ’ದಿಂದ ಬಂದ ‘ಜೀತ’ ಹಳಗನ್ನಡದಲ್ಲಿ ಬಂಟನಿಗೆ ಒಡೆಯನು ಕೊಡುವ ಸಂಬಳ, ಬದುಕಿನ ಆಧಾರ. ತೆಲುಗಿನಲ್ಲಿ ಇಂದಿಗೂ ಕಚೇರಿಯ ಗುಮಾಸ್ತ ತಿಂಗಳ ಕೊನೆಗೆ ತರುವುದು ಜೀತವನ್ನೇ. ನಮ್ಮಲ್ಲಿ ಅದು ಸಾಲಕ್ಕಾಗಿ ತಲೆಮಾರಿನಿಂದ ತಲೆಮಾರಿಗೆ ಬಿಡದ ಗುಲಾಮಗಿರಿಯ ಹೆಸರಾಗಿ, 1976ರಲ್ಲಿ ಕಾಯಿದೆಯೇ ಅದನ್ನು ಅಳಿಸಬೇಕಾಗಿ ಬಂತು. ಅಲ್ಲಿ ಮಹಿಮೆಯ ಮಾತು ಗುಲಾಮನಿಗೆ ಬಿಡುಗಡೆಯಾಗಿ ಸಿಕ್ಕಿತು. ಇಲ್ಲಿ ಬದುಕಿನ ಮಾತು ಗುಲಾಮನ ಕೊರಳಿಗೆ ಬಿತ್ತು. ವ್ಯುತ್ಪತ್ತಿ ಎರಡೂ ಕಡೆ ನಿರ್ದೋಷಿ. ಏನು ಮಾಡಿದರೂ ಮಾಡಿದವರು ಜನ.

ಕನ್ನಡಕ್ಕೆ ಆ ದೇಶದ ಸಾಹಿತ್ಯವನ್ನು ತರುವವರಿಗೆ ಇದರಿಂದ ಒಂದು ತೊಡಕಿದೆ. ಸುಕಾರ್ನೊನ ‘ಮೆರ್ದೇಕ’ವನ್ನು ‘ಸ್ವಾತಂತ್ರ್ಯ’ ಎನ್ನಬಹುದು. ಸಭೆಯ ಗಾಂಭೀರ್ಯ ಎರಡಕ್ಕೂ ಉಂಟು. ಚೈರಿಲ್ ಅನ್ವರನ ಪದ್ಯಕ್ಕೆ ಅದು ಭಾರವಾಗುತ್ತದೆ. ಅಲ್ಲಿ ‘ಬಿಡುಗಡೆ’ಯೇ ಸರಿ, ಏಕೆಂದರೆ ಅದರೊಳಗೆ ‘ಬಿಡು’ ಎಂಬ ಬೇಡಿಕೆಯೂ ಕೇಳುತ್ತದೆ. ಮಲಾಕದ ಧರ್ಮಶಾಸ್ತ್ರಕ್ಕೆ ‘ಆಳಲ್ಲದವನು’ ಎಂದು ಬಿಡಿಸಿ ಹೇಳಬೇಕು. ಪೆರ್ದಿಕಾನಿಗೆ ‘ಮಾನ್ಯ’ ಸಾಕು. ತುಗುವಿನ ಜನರಿಗೆ ಮಾತ್ರ ನನ್ನ ಕೈಯಲ್ಲಿ ಕನ್ನಡದ ಮಾತಿಲ್ಲ. ಅವರನ್ನು ಕುರಿತು ಬರೆಯುವಾಗ ಮಾರ್ಡೈಕರ್ ಎಂದೇ ಬಿಟ್ಟು, ಅವರ ಅಜ್ಜಂದಿರಲ್ಲಿ ಹಲವರು ಪುಲಿಕಾಟಿನಲ್ಲಿ ಹಡಗು ಹತ್ತಿದವರೆಂದು ಕೆಳಗೆ ಒಂದು ಟಿಪ್ಪಣಿ ಹಾಕುವುದು ಮೇಲು.